ಟಾಲ್ ಯಾವಾಗ, ಹೈ ಯಾವಾಗ? ಒಂದು ‘ಎತ್ತರ’ಕ್ಕೆ ಇಂಗ್ಲಿಷಿನ ಎರಡು ಪದ

ಕನ್ನಡದಲ್ಲಿ ಮರವೂ ಎತ್ತರ, ಬೆಟ್ಟವೂ ಎತ್ತರ, ಅಣ್ಣನೂ ಎತ್ತರ. ಒಂದೇ ಪದದಲ್ಲಿ ಮೂರೂ ಮುಗಿದುಹೋಗುತ್ತವೆ. ಇಂಗ್ಲಿಷಿಗೆ ಕಾಲಿಟ್ಟ ಕೂಡಲೇ ಈ ಪದ ಎರಡಾಗಿ ಒಡೆಯುತ್ತದೆ. ಮರ ಟಾಲ್, ಅಣ್ಣ ಟಾಲ್, ಬೆಟ್ಟ ಮಾತ್ರ ಹೈ. ನಿಘಂಟು ತೆಗೆದರೆ ಎರಡಕ್ಕೂ ‘ಎತ್ತರವಾದ’ ಅಂತಲೇ ಬರೆದಿರುತ್ತದೆ. ಹಾಗಾದರೆ ಯಾವುದನ್ನು ಎಲ್ಲಿ ಹಾಕುವುದು?

ನಾನು ಕನ್ನಡದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಒಂದು ದಿನ ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು ಮನೆಯವರ ಬಗ್ಗೆ ಮಾತಾಡುತ್ತಿದ್ದಳು. ‘ಮೈ ಬ್ರದರ್ ಈಸ್ ವೆರಿ ಹೈ’ ಅಂದಳು. ಹಿಂದಿನ ಸಾಲಿನಿಂದ ನಗು ಬಂತು. ಯಾಕೆ ನಕ್ಕರು ಅಂತ ಅವಳಿಗೆ ಗೊತ್ತಾಗಲಿಲ್ಲ. ಅಣ್ಣ ಎತ್ತರ ಇದ್ದಾನೆ ಅಂತ ಹೇಳಿದ್ದಳು, ಅಷ್ಟೇ. ಆದರೆ ಇಂಗ್ಲಿಷಿನಲ್ಲಿ ಆ ಮಾತಿಗೆ ‘ನನ್ನ ಅಣ್ಣ ಪೂರ್ತಿ ನಶೆಯಲ್ಲಿದ್ದಾನೆ’ ಅನ್ನುವ ಅರ್ಥ ಬರುತ್ತದೆ. ಆಮೇಲೆ ಎರಡು ವಾರ ಅವಳು ಬಾಯಿ ಬಿಡಲಿಲ್ಲ. ವ್ಯಾಕರಣ ಸರಿ ಇತ್ತು, ಉಚ್ಚಾರಣೆ ಸರಿ ಇತ್ತು. ತಪ್ಪಿದ್ದು ಒಂದೇ ಪದ. ಆ ಪದದ ವ್ಯತ್ಯಾಸವನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅವತ್ತಿನಿಂದ ಈ ಜೋಡಿಯನ್ನು ಬೇರೆ ರೀತಿ ಹೇಳಿಕೊಡಲು ಶುರು ಮಾಡಿದೆ. ಸಾಮಾನ್ಯವಾಗಿ ಪಟ್ಟಿ ಕೊಡುತ್ತಾರೆ: ಮರಕ್ಕೆ ಟಾಲ್, ಬೆಟ್ಟಕ್ಕೆ ಹೈ, ಗೋಡೆಗೆ ಹೈ, ಹೀಗೆ. ಪಟ್ಟಿ ಬಾಯಿಪಾಠ ಮಾಡಿದವರು ಪಟ್ಟಿಯಲ್ಲಿಲ್ಲದ ವಸ್ತು ಎದುರಾದಾಗ ಮತ್ತೆ ನಿಂತುಬಿಡುತ್ತಾರೆ. ನನ್ನ ಅನುಭವದಲ್ಲಿ ಪಟ್ಟಿಯೇ ಬೇಕಾಗಿಲ್ಲ. ಕನ್ನಡ ಚೆನ್ನಾಗಿ ಬಂದರೆ ಸಾಕು, ಬೀಗದ ಕೈ ಅದರಲ್ಲೇ ಇದೆ.

ಮೊದಲ ಹೆಜ್ಜೆ: ‘ಎತ್ತರ’ ಬಿಡಿ, ಎದುರು ಪದ ಹಿಡಿಯಿರಿ

ಎತ್ತರ ಅನ್ನುವ ಪದ ಎರಡು ಅರ್ಥವನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡಿದೆ. ಅದನ್ನೇ ನೋಡುತ್ತಾ ಕೂತರೆ ದಾರಿ ಕಾಣುವುದಿಲ್ಲ. ಅದರ ಎದುರು ಪದ ಯಾವುದು ಅಂತ ಕೇಳಿಕೊಳ್ಳಿ.

ಮರ ಎತ್ತರ ಇಲ್ಲದಿದ್ದರೆ ಏನಂತೀವಿ? ಗಿಡ್ಡ ಮರ. ಮನುಷ್ಯ ಎತ್ತರ ಇಲ್ಲದಿದ್ದರೆ? ಗಿಡ್ಡ, ಇಲ್ಲವೇ ಕುಳ್ಳ. ಕಂಬ? ಅದೂ ಗಿಡ್ಡ. ಈಗ ಬೆಲೆಯನ್ನು ನೋಡಿ. ಗಿಡ್ಡ ಬೆಲೆ ಅಂತ ಯಾರಾದರೂ ಹೇಳುತ್ತಾರಾ? ಇಲ್ಲ, ಕಡಿಮೆ ಬೆಲೆ. ಜಾಗ ಎತ್ತರದಲ್ಲಿ ಇಲ್ಲದಿದ್ದರೆ ಅದು ತಗ್ಗು ಜಾಗ. ಸೂರು ತಲೆಗೆ ತಾಗುವ ಹಾಗಿದ್ದರೆ ಸೂರು ತಗ್ಗು. ಸ್ವರ ಮೇಲಕ್ಕೆ ಹೋಗದಿದ್ದರೆ ತಗ್ಗಿದ ಸ್ವರ.

ಎದುರು ಪದ ‘ಗಿಡ್ಡ’ ಬಂದರೆ ಇಂಗ್ಲಿಷಿನಲ್ಲಿ ಟಾಲ್ ಹಾಕಿ. ‘ತಗ್ಗು’ ಅಥವಾ ‘ಕಡಿಮೆ’ ಬಂದರೆ ಹೈ ಹಾಕಿ. ಇಂಗ್ಲಿಷಿನವರ ತಲೆಯಲ್ಲೂ ಇದೇ ಜೋಡಿ ಇದೆ. ಟಾಲ್‌ಗೆ ಎದುರು ಶಾರ್ಟ್, ಹೈಗೆ ಎದುರು ಲೋ. ಶಾರ್ಟ್ ಅನ್ನುವುದು ನಮ್ಮ ಗಿಡ್ಡ, ಲೋ ಅನ್ನುವುದು ನಮ್ಮ ತಗ್ಗು. ಹತ್ತರಲ್ಲಿ ಎಂಟು ಸಲ ಈ ಒಂದು ಪ್ರಶ್ನೆಯೇ ನಿಮ್ಮ ಕೆಲಸ ಮುಗಿಸುತ್ತದೆ. ಉಳಿದ ಎರಡು ಸಲಕ್ಕೆ ಮುಂದಿನ ಹೆಜ್ಜೆಗಳು.

ಎರಡನೆಯದು: ಟಾಲ್ ಅಂದರೆ ನಿಂತಿರುವ ಉದ್ದ

ಗಿಡ್ಡ ಅನ್ನುವ ಪದವನ್ನು ನಾವು ಎತ್ತರಕ್ಕೆ ಮಾತ್ರ ಬಳಸುವುದಿಲ್ಲ. ಗಿಡ್ಡ ಅಂಗಿ, ಗಿಡ್ಡ ಕೂದಲು, ಗಿಡ್ಡ ದಾರ. ಅಂದರೆ ಅದು ‘ಉದ್ದ’ಕ್ಕೂ ಎದುರು ಪದ. ಇಂಗ್ಲಿಷಿನ ಶಾರ್ಟ್ ಕೂಡ ಹಾಗೇ, ಬಟ್ಟೆಗೂ ಬರುತ್ತದೆ, ಮನುಷ್ಯನಿಗೂ ಬರುತ್ತದೆ. ಇದರಿಂದ ಟಾಲ್‌ನ ಗುಟ್ಟು ಸಿಗುತ್ತದೆ. ಟಾಲ್ ಅಂದರೆ ಎದ್ದು ನಿಂತಿರುವ ಉದ್ದ.

ಒಂದು ಮರ ನಿಂತಿದೆ ಅಂದುಕೊಳ್ಳಿ. ಬುಡದಿಂದ ತುದಿಗೆ 20 ಮೀಟರ್. ಆಗ ಅದು ‘ಎ ಟಾಲ್ ಟ್ರೀ’. ಗಾಳಿಗೆ ಅದು ಬುಡ ಸಮೇತ ಉರುಳಿತು. ಅಳತೆ ಅದೇ 20 ಮೀಟರ್, ಒಂದು ಅಂಗುಲವೂ ಕಮ್ಮಿಯಾಗಿಲ್ಲ. ಆದರೆ ಈಗ ಟಾಲ್ ಅನ್ನುವಂತಿಲ್ಲ. ನೆಲಕ್ಕೆ ಒರಗಿದ ಆ ಕಾಂಡ ಈಗ ಲಾಂಗ್. ಕಂಬದ ಕಥೆಯೂ ಇದೇ. ರಸ್ತೆ ಬದಿ ಮಲಗಿಸಿಟ್ಟಾಗ ಲಾಂಗ್, ಗುಂಡಿ ತೋಡಿ ನೆಟ್ಟಾಗ ಟಾಲ್.

ಮಗುವಿನ ವಿಷಯದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯುತ್ತಾರೆ. ಆ ಅಳತೆಗೆ ವೈದ್ಯರು ಲೆಂಗ್ತ್ ಅಂತ ಬರೆಯುತ್ತಾರೆ, ಅಂದರೆ ಉದ್ದ. ಎರಡು ವರ್ಷ ತುಂಬಿದ ಮೇಲೆ ನಿಲ್ಲಿಸಿ ಅಳೆಯುತ್ತಾರೆ, ಆಗ ಅದು ಹೈಟ್. ಹುಟ್ಟಿದ ಮಗುವಿಗೆ ‘50 ಸೆಂಟಿಮೀಟರ್ ಲಾಂಗ್’ ಅನ್ನುತ್ತಾರೆ. ಅದೇ ಮಗು ಎದ್ದು ನಿಂತ ಮೇಲೆ ಟಾಲ್ ಆಗುತ್ತದೆ. ಎಷ್ಟು ಚೆನ್ನಾದ ಬದಲಾವಣೆ ಅಲ್ವಾ!

ಉದ್ದ ಅಂದಮೇಲೆ ಅಗಲ ಕಮ್ಮಿ ಇರಬೇಕು. ಟಾಲ್ ಅನ್ನುವ ವಸ್ತು ಸಾಮಾನ್ಯವಾಗಿ ಅಗಲಕ್ಕಿಂತ ಎತ್ತರ ಜಾಸ್ತಿ ಇರುವಂಥದ್ದು. ಮನುಷ್ಯ, ಜಿರಾಫೆ, ಮರ, ಕಂಬ, ಗೋಪುರ, ಚಿಮಣಿ, ನಿಲುವಾದ ಬೀರು, ಉದ್ದನೆಯ ಲೋಟ. ಇವೆಲ್ಲಕ್ಕೂ ಕನ್ನಡದಲ್ಲಿ ‘ಉದ್ದನೆಯ’ ಅಂತ ಸೇರಿಸಿ ನೋಡಿ, ಕಿವಿಗೆ ಒಗ್ಗುತ್ತದೆ. ‘ಉದ್ದನೆಯ ಬೆಟ್ಟ’ ಅಂದು ನೋಡಿ, ಬೆಟ್ಟದ ಸಾಲು ಅಡ್ಡಕ್ಕೆ ಹಬ್ಬಿದ ಹಾಗೆ ಕೇಳಿಸುತ್ತದೆ. ‘ಉದ್ದನೆಯ ಗೋಡೆ’ ಅಂದರೂ ಅಡ್ಡಕ್ಕೇ ಹೋಗುತ್ತದೆ. ಹಾಗಾಗಿ ಬೆಟ್ಟಕ್ಕೂ ಗೋಡೆಗೂ ಹೈ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ‘ಹುಡುಗ ಉದ್ದಕ್ಕೆ ಬೆಳೆದಿದ್ದಾನೆ’ ಅನ್ನುವ ಅಭ್ಯಾಸದಿಂದ ಕೆಲವರು ಇಂಗ್ಲಿಷಿನಲ್ಲಿ ‘ಹಿ ಈಸ್ ಲಾಂಗ್’ ಅನ್ನುತ್ತಾರೆ. ಅದು ಆಗುವುದಿಲ್ಲ. ನಿಂತಿರುವ ಉದ್ದಕ್ಕೆ ಇಂಗ್ಲಿಷಿನಲ್ಲಿ ಬೇರೆಯೇ ಪದ ಇದೆ. ಅದಕ್ಕೇ ಟಾಲ್ ಇರುವುದು.

ಮೂರನೆಯದು: ಹೈ ಅಂದರೆ ಏರಿದ ಮಟ್ಟ

ಕನ್ನಡದ ‘ಏರು’ ಅನ್ನುವ ಕ್ರಿಯಾಪದ ನೆನಪಿಸಿಕೊಳ್ಳಿ. ಬೆಲೆ ಏರಿತು. ಜ್ವರ ಏರಿತು. ಬಿಪಿ ಏರಿತು. ಹೊಳೆಯ ನೀರು ಏರಿತು. ದನಿ ಏರಿತು. ಇವು ಎಲ್ಲವೂ ಇಂಗ್ಲಿಷಿನಲ್ಲಿ ಹೈ. ‘ಹೈ ಪ್ರೈಸ್’, ‘ಹೈ ಫೀವರ್’, ‘ಹೈ ಬಿಪಿ’, ‘ದಿ ರಿವರ್ ಈಸ್ ಹೈ’, ‘ಹೈ ವಾಯ್ಸ್’. ಕೊನೆಯದರಲ್ಲಿ ಒಂದು ಸೂಕ್ಷ್ಮ ಇದೆ: ಹೈ ವಾಯ್ಸ್ ಅಂದರೆ ಕೀಚಲು ದನಿ, ಸ್ವರ ಮೇಲಕ್ಕೆ ಹೋದದ್ದು. ಗಟ್ಟಿ ದನಿಗೆ ಲೌಡ್ ಅನ್ನಬೇಕು. ಇನ್ನು ಇಳಿಯುವಾಗ ಏನಾಗುತ್ತದೆ? ಜ್ವರ ತಗ್ಗಿತು, ಬೆಲೆ ತಗ್ಗಿತು, ನೀರು ತಗ್ಗಿತು. ನೋಡಿ, ಮೊದಲ ಹೆಜ್ಜೆಯ ‘ತಗ್ಗು’ ತಾನಾಗಿಯೇ ಬಂದು ಕೂತಿತು.

ಮರ ಏರಿತು ಅನ್ನುವುದಿಲ್ಲ, ಮರ ಬೆಳೆಯಿತು. ಹುಡುಗ ಏರಿದ ಅನ್ನುವುದಿಲ್ಲ, ಹುಡುಗ ಬೆಳೆದ. ಬೆಳೆದು ಎತ್ತರವಾದದ್ದು ಟಾಲ್, ಏರಿ ಎತ್ತರವಾದದ್ದು ಹೈ. ತರಗತಿಯಲ್ಲಿ ಇಷ್ಟು ಹೇಳಿದ ಮೇಲೆ ಎಷ್ಟೋ ಜನರ ಮುಖ ಅರಳುವುದನ್ನು ನೋಡಿದ್ದೇನೆ. ಯಾಕೆಂದರೆ ಇದನ್ನು ಅವರು ಹೊಸದಾಗಿ ಕಲಿಯಬೇಕಿಲ್ಲ, ಚಿಕ್ಕಂದಿನಿಂದ ಬಾಯಲ್ಲಿ ಇದ್ದದ್ದೇ.

ಟೇಪು ಹಿಡಿದು ಅಳೆಯಲಾಗದ ಯಾವುದಕ್ಕೇ ಆಗಲಿ ಹೈ ಹಾಕಿ, ತಪ್ಪಾಗುವುದು ಬಹಳ ಅಪರೂಪ. ವೇಗ, ಉಷ್ಣತೆ, ಅಂಕ, ಬಡ್ಡಿ, ಗುಣಮಟ್ಟ, ಅಪಾಯ, ನಿರೀಕ್ಷೆ, ಹುದ್ದೆ ಎಲ್ಲವೂ ಹೈ. ನಾವು ಕನ್ನಡದಲ್ಲಿ ಇವಕ್ಕೆ ಜಾಸ್ತಿ, ಹೆಚ್ಚು, ಉನ್ನತ, ಮೇಲು ಅಂತ ಬೇರೆ ಬೇರೆ ಪದ ಬಳಸುತ್ತೇವೆ. ಇಂಗ್ಲಿಷಿನಲ್ಲಿ ಆ ಎಲ್ಲ ಕೆಲಸವನ್ನೂ ಹೈ ಒಂದೇ ಮಾಡುತ್ತದೆ. ಟಾಲ್ ಅತ್ತ ಹೆಜ್ಜೆಯೇ ಇಡುವುದಿಲ್ಲ.

ಇದಕ್ಕೆ ಪದಗಳ ಇತಿಹಾಸದಲ್ಲೂ ಒಂದು ಬೆಂಬಲ ಸಿಗುತ್ತದೆ. ಹೈ ಅನ್ನುವುದು ಇಂಗ್ಲಿಷಿನ ಬಹಳ ಹಳೆಯ ಪದ. ಜರ್ಮನ್ ಭಾಷೆಯ ‘ಹೋಖ್’ ಅದರ ನೆಂಟ. ಶುರುವಿನಿಂದಲೂ ಎತ್ತರ ಅನ್ನುವ ಅರ್ಥ ಅದರದ್ದೇ. ಟಾಲ್ ಹಾಗಲ್ಲ. ಅದರ ಮೂಲ ಪದಕ್ಕೆ ಚುರುಕಾದ, ಸಿದ್ಧನಾದ ಅನ್ನುವ ಅರ್ಥ ಇತ್ತು. ಆಮೇಲೆ ಅದು ಚೆಲುವ, ಧೀರ ಅನ್ನುವ ಅರ್ಥಕ್ಕೆ ಹೊರಳಿತು. ನಿಲುವಿನ ಎತ್ತರ ಅನ್ನುವ ಅರ್ಥ ಬಲವಾಗಿ ಬೇರು ಬಿಟ್ಟಿದ್ದು 16ನೇ ಶತಮಾನದ ಸುಮಾರಿಗೆ. ಮನುಷ್ಯನನ್ನು ಮೆಚ್ಚಲು ಇದ್ದ ಪದ ಹೀಗೆ ಮನುಷ್ಯನ ನಿಲುವಿಗೆ ಬಂದು ನಿಂತಿತು. ಈಗಲೂ ಟಾಲ್ ಅಂದ ಕೂಡಲೇ ನೆಟ್ಟಗೆ ನಿಂತ ಒಂದು ಆಕೃತಿ ಕಣ್ಣಿಗೆ ಬರುತ್ತದೆ.

ನಾಲ್ಕನೆಯದು: ಅಳತೆ ಎಲ್ಲಿಂದ ಶುರು?

ಈ ಹೆಜ್ಜೆ ಎಲ್ಲಕ್ಕಿಂತ ಮುಖ್ಯ. ಇದನ್ನು ಬಿಟ್ಟದ್ದಕ್ಕೆ ನಾನೇ ಒಮ್ಮೆ ನಷ್ಟ ಮಾಡಿದ್ದೇನೆ.

ಗೆಳತಿಯೊಬ್ಬಳು ಮನೆ ಕಟ್ಟಿಸುತ್ತಿದ್ದಳು. ನಕ್ಷೆ ಬರೆಯುವವರಿಗೆ ಕನ್ನಡ ಬರುತ್ತಿರಲಿಲ್ಲ. ತನಗೆ ಏನೇನು ಬೇಕು ಅಂತ ಅವಳು ಕನ್ನಡದಲ್ಲಿ ಬರೆದುಕೊಟ್ಟಳು, ನಾನು ಇಂಗ್ಲಿಷಿಗೆ ಮಾಡಿಕೊಟ್ಟೆ. ‘ಓದುವ ಕೋಣೆಗೆ ಎತ್ತರದ ಕಿಟಕಿ ಬೇಕು’ ಅಂತ ಒಂದು ಸಾಲು ಇತ್ತು. ನಾನು ‘ಹೈ ವಿಂಡೋ’ ಅಂತ ಬರೆದೆ. ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು ಹೊರಗೆ ನೋಡುತ್ತಾ ಓದಬೇಕು ಅನ್ನುವುದು ಅವಳ ಆಸೆ. ಹೆಚ್ಚುಕಮ್ಮಿ ನೆಲದಿಂದ ಶುರುವಾಗಿ ಸೂರಿನ ತನಕ ಹೋಗುವ ಕಿಟಕಿ ಅವಳ ಮನಸ್ಸಿನಲ್ಲಿತ್ತು. ಗೋಡೆ ಏಳುವಾಗ ಹೋಗಿ ನೋಡಿದರೆ ಸೂರಿನ ಕೆಳಗೆ, ಕೈಗೆಟುಕದ ಜಾಗದಲ್ಲಿ, ಒಂದು ಸಣ್ಣ ಕಿಂಡಿ ಬಿಟ್ಟಿದ್ದರು. ಅವರದ್ದೇನೂ ತಪ್ಪಿರಲಿಲ್ಲ. ನಾನು ಬರೆದದ್ದನ್ನೇ ಅವರು ಮಾಡಿದ್ದರು.

‘ಟಾಲ್ ವಿಂಡೋ’ ಅಂದರೆ ಕಿಟಕಿಯ ಮೈಯೇ ಉದ್ದ. ಕೆಳಗಿನ ಚೌಕಟ್ಟಿನಿಂದ ಮೇಲಿನ ಚೌಕಟ್ಟಿನವರೆಗೆ ಅಳೆಯಬೇಕು. ‘ಹೈ ವಿಂಡೋ’ ಅಂದರೆ ಕಿಟಕಿ ಇರುವ ಜಾಗ ಮೇಲಿದೆ. ನೆಲದಿಂದ ಕಿಟಕಿಯವರೆಗೆ ಅಳೆಯಬೇಕು. ಮೊದಲನೆಯದು ವಸ್ತುವಿನ ಅಳತೆ, ಎರಡನೆಯದು ಜಾಗದ ಅಳತೆ. ಕನ್ನಡದಲ್ಲಿ ‘ಎತ್ತರದ ಕಿಟಕಿ’ ಅಂದರೆ ಎರಡೂ ಆಗಬಹುದು. ಇಂಗ್ಲಿಷಿನಲ್ಲಿ ಯಾವುದು ಅಂತ ನೀವು ಹೇಳಲೇಬೇಕು.

ಹಾಗಾಗಿ ಅನುಮಾನ ಬಂದಾಗ ಮನಸ್ಸಿನಲ್ಲೇ ಟೇಪು ಹಿಡಿಯಿರಿ. ಅದರ ಒಂದು ತುದಿಯನ್ನು ಎಲ್ಲಿ ಇಡುತ್ತೀರಿ? ವಸ್ತುವಿನ ಕಾಲ ಬಳಿ ಇಟ್ಟರೆ ಟಾಲ್. ವಸ್ತುವನ್ನು ಬಿಟ್ಟು ಕೆಳಗೆ, ನೆಲದಲ್ಲಿ ಇಟ್ಟರೆ ಹೈ. ಬೀರು ಟಾಲ್, ಅದರ ಮೇಲಿನ ಅರೆ ಹೈ. ಸೂರು ಹೈ, ಯಾಕೆಂದರೆ ಸೂರಿಗೆ ಕಾಲೇ ಇಲ್ಲ, ಅದು ಬರೀ ಒಂದು ಮಟ್ಟ. ಪುಟ್ಟ ಮಕ್ಕಳನ್ನು ಕೂರಿಸಿ ಊಟ ಮಾಡಿಸುವ ಕುರ್ಚಿಗೆ ಹೈ ಚೇರ್ ಅನ್ನುತ್ತಾರೆ. ಅಲ್ಲಿ ಮುಖ್ಯವಾದದ್ದು ಮಗು ಕೂರುವ ಮಟ್ಟ. ಹೈ ಹೀಲ್ಸ್ ಕೂಡ ಹಾಗೇ, ಹಿಮ್ಮಡಿಯನ್ನು ಮೇಲಕ್ಕೆ ಎತ್ತಿ ಇಡುತ್ತದೆ.

ಮೋಡದಲ್ಲಿ ಎರಡೂ ಪದ ಪಕ್ಕಪಕ್ಕ ಕಾಣಸಿಗುತ್ತವೆ. ಆಕಾಶದಲ್ಲಿ ಹತ್ತಿ ಎಳೆದ ಹಾಗೆ ತೆಳ್ಳಗೆ ಕಾಣುವ ಮೋಡಗಳು ಸಾಮಾನ್ಯವಾಗಿ 6 ಕಿಲೋಮೀಟರಿಗಿಂತ ಮೇಲೆ ಇರುತ್ತವೆ. ಅವು ಹೈ, ಆದರೆ ಮೈ ತೆಳು, ಟಾಲ್ ಅಲ್ಲ. ಗುಡುಗು ಮಳೆ ತರುವ ಮೋಡದ ಬುಡ ತೀರಾ ಕೆಳಗೆ, 2 ಕಿಲೋಮೀಟರಿಗಿಂತ ಕಮ್ಮಿ ಎತ್ತರದಲ್ಲೇ ಇರಬಹುದು. ತಲೆ ಮಾತ್ರ 10 ಕಿಲೋಮೀಟರ್ ದಾಟಿ ಹೋಗಿರುತ್ತದೆ. ಬುಡ ನೋಡಿದರೆ ಲೋ, ಮೈ ನೋಡಿದರೆ ಟಾಲ್.

ಐದನೆಯದು: ಭೂಪಟದ ಮೇಲೆ ಪರೀಕ್ಷೆ ಮಾಡಿ

ಈ ವ್ಯತ್ಯಾಸ ಗಟ್ಟಿಯಾಗಿ ಕೂರಬೇಕಾದರೆ ದೊಡ್ಡ ಉದಾಹರಣೆ ಬೇಕು. ದುಬೈನ ಬುರ್ಜ್ ಖಲೀಫಾ 828 ಮೀಟರ್ ಇದೆ. ಜಗತ್ತಿನ ‘ಟಾಲೆಸ್ಟ್’ ಕಟ್ಟಡ. ಬೊಲಿವಿಯಾದ ಲಾ ಪಾಜ್ ನಗರ ಸಮುದ್ರ ಮಟ್ಟದಿಂದ ಸುಮಾರು 3,600 ಮೀಟರ್ ಮೇಲಿದೆ. ಅಲ್ಲಿ ಒಂದೇ ಅಂತಸ್ತಿನ ಒಂದು ಪುಟ್ಟ ಮನೆ ಇದೆ ಅಂದುಕೊಳ್ಳಿ. ಆ ಮನೆಯ ಹೊಸಿಲು ಬುರ್ಜ್ ಖಲೀಫಾದ ತುದಿಗಿಂತಲೂ ಎಷ್ಟೋ ಮೇಲಿದೆ. ಹಾಗಾಗಿ ಆ ಮನೆ ಬುರ್ಜ್ ಖಲೀಫಾಗಿಂತ ‘ಹೈಯರ್’, ಆದರೆ ಬುರ್ಜ್ ಖಲೀಫಾ ಆ ಮನೆಗಿಂತ ‘ಟಾಲರ್’. ಎರಡು ಮಾತೂ ಒಟ್ಟಿಗೇ ನಿಜ.

ಬೆಟ್ಟಗಳಲ್ಲಿ ಇದು ಇನ್ನೂ ಸ್ವಾರಸ್ಯ. ಎವರೆಸ್ಟ್ ಶಿಖರ ಸಮುದ್ರ ಮಟ್ಟದಿಂದ 8,848.86 ಮೀಟರ್. ಅದು ಜಗತ್ತಿನ ‘ಹೈಯೆಸ್ಟ್’ ಪರ್ವತ, ಇದರಲ್ಲಿ ತಕರಾರಿಲ್ಲ. ಹವಾಯಿ ದ್ವೀಪದ ಮೌನಾ ಕೇಯಾ ಸಮುದ್ರ ಮಟ್ಟದಿಂದ 4,207 ಮೀಟರ್ ಮಾತ್ರ ಮೇಲಿದೆ. ಆದರೆ ಅದರ ಬುಡ ಇರುವುದು ಸಮುದ್ರದ ತಳದಲ್ಲಿ. ಬುಡದಿಂದ ತುದಿಗೆ ಅಳೆದರೆ 10,000 ಮೀಟರ್ ದಾಟುತ್ತದೆ. ಹಾಗಾಗಿ ಭೂಗೋಳದ ಲೇಖನಗಳಲ್ಲಿ ಎವರೆಸ್ಟಿಗೆ ‘ಹೈಯೆಸ್ಟ್’ ಅಂತಲೂ ಮೌನಾ ಕೇಯಾಕ್ಕೆ ‘ಟಾಲೆಸ್ಟ್’ ಅಂತಲೂ ಬರೆಯುತ್ತಾರೆ. ಎವರೆಸ್ಟಿನ ಸುತ್ತಲ ನೆಲವೇ ಸಾವಿರಾರು ಮೀಟರ್ ಮೇಲೆ ಇದೆ, ಅಂದರೆ ಅದು ಮೊದಲೇ ಒಂದು ದೊಡ್ಡ ಕಟ್ಟೆಯ ಮೇಲೆ ನಿಂತಿದೆ. ಈ ಒಂದು ಜೋಡಿ ನೆನಪಿದ್ದರೆ ಟಾಲ್ ಮತ್ತು ಹೈ ಯಾವತ್ತೂ ಅದಲುಬದಲಾಗುವುದಿಲ್ಲ ಅಂತ ನನ್ನ ನಂಬಿಕೆ.

ಆಟದ ಮೈದಾನದಲ್ಲೂ ಇದನ್ನು ನೋಡಬಹುದು. 1993ರಲ್ಲಿ ಕ್ಯೂಬಾದ ಹವಿಯೆರ್ ಸೊಟೊಮಯೊರ್ 2.45 ಮೀಟರ್ ಎತ್ತರ ಜಿಗಿದು ವಿಶ್ವದಾಖಲೆ ಮಾಡಿದರು. ಆ ಆಟದ ಹೆಸರೇ ಹೈ ಜಂಪ್. ‘ಹೌ ಹೈ ಡಿಡ್ ಹಿ ಜಂಪ್?’ ಅಂತ ಕೇಳಿದರೆ ಉತ್ತರ 2.45 ಮೀಟರ್. ‘ಹೌ ಟಾಲ್ ಈಸ್ ಹಿ?’ ಅಂತ ಕೇಳಿದರೆ ಅದು ಆ ಮನುಷ್ಯನ ನಿಲುವಿನ ಪ್ರಶ್ನೆ, ಉತ್ತರ ಬೇರೆ.

ಆರನೆಯದು: ಮನುಷ್ಯರ ವಿಷಯದಲ್ಲಿ ಟಾಲ್ ಒಂದೇ

ನಿಲುವಿನ ಬಗ್ಗೆ ಮಾತಾಡುವಾಗ ಮನುಷ್ಯನಿಗೆ ಹೈ ಹಾಕಲೇಬೇಡಿ. ಯಾಕೆ ಅಂತ ಆ ಹುಡುಗಿಯ ಕಥೆಯಲ್ಲೇ ನೋಡಿದಿರಿ. ‘ಹಿ ಈಸ್ ಹೈ’ ಅಂದರೆ ಮಾದಕ ವಸ್ತುವಿನ ಅಮಲಿನಲ್ಲಿದ್ದಾನೆ ಅನ್ನುವ ಅರ್ಥವೇ ಮೊದಲು ಹೊಳೆಯುವುದು. ಕೆಲಸದ ಸಂದರ್ಶನದಲ್ಲಿ, ಮದುವೆ ಮಾತುಕತೆಯ ಪತ್ರದಲ್ಲಿ ಈ ಒಂದು ಪದ ದೊಡ್ಡ ಮುಜುಗರ ತರಬಹುದು.

ಇನ್ನೊಂದು ತಪ್ಪು ನಮ್ಮ ಮಾತಿನಿಂದಲೇ ಹುಟ್ಟುತ್ತದೆ. ‘ಅವನು ತುಂಬಾ ಹೈಟ್ ಇದ್ದಾನೆ’ ಅಂತ ನಾವು ಕನ್ನಡದಲ್ಲಿ ದಿನವೂ ಹೇಳುತ್ತೇವೆ. ಕನ್ನಡದಲ್ಲಿ ಅದು ಸರಿಯೇ, ಹೈಟ್ ಈಗ ನಮ್ಮ ಪದ ಆಗಿಬಿಟ್ಟಿದೆ. ಅದನ್ನೇ ಇಂಗ್ಲಿಷಿಗೆ ಎತ್ತಿಕೊಂಡು ಹೋಗಿ ‘ಹಿ ಈಸ್ ವೆರಿ ಹೈಟ್’ ಅಂದರೆ ತಪ್ಪು. ಹೈಟ್ ಅನ್ನುವುದು ನಾಮಪದ, ಅಳತೆಯ ಹೆಸರು. ವರ್ಣಿಸಲು ‘ಹಿ ಈಸ್ ವೆರಿ ಟಾಲ್’ ಅನ್ನಬೇಕು. ‘ಹಿಸ್ ಹೈಟ್ ಈಸ್ ಟಾಲ್’ ಅನ್ನುವುದೂ ಬೇಡ. ಅಳತೆ ಟಾಲ್ ಆಗುವುದಿಲ್ಲ, ಮನುಷ್ಯ ಟಾಲ್ ಆಗುತ್ತಾನೆ.

ಎಷ್ಟು ಎತ್ತರ ಇದ್ದೀರಿ ಅಂತ ಕೇಳಲು ‘ವಾಟ್ ಈಸ್ ಯುವರ್ ಹೈಟ್?’ ಅಂದರೆ ಅರ್ಜಿ ತುಂಬುವ ಧಾಟಿ ಬರುತ್ತದೆ. ತಪ್ಪಲ್ಲ. ಮಾತಿನಲ್ಲಿ ‘ಹೌ ಟಾಲ್ ಆರ್ ಯು?’ ಸಹಜ. ಉತ್ತರ ‘ಐ ಆಮ್ ಫೈವ್ ಫೀಟ್ ಸಿಕ್ಸ್ ಇಂಚಸ್ ಟಾಲ್’. ಗಮನಿಸಿ, ಕುಳ್ಳಗಿರುವವರೂ ಅಳತೆ ಹೇಳುವಾಗ ಟಾಲ್ ಅಂತಲೇ ಹೇಳುತ್ತಾರೆ. ‘ನಾಲ್ಕೂವರೆ ಅಡಿ ಎತ್ತರ’ ಅನ್ನುವಾಗ ನಾವು ಎತ್ತರ ಅಂತ ಸೇರಿಸುತ್ತೇವಲ್ಲ, ಹಾಗೇ. ವೈದ್ಯಕೀಯ ದಾಖಲೆ ಇರುವವರಲ್ಲಿ ಅತಿ ಎತ್ತರದ ಮನುಷ್ಯ ಅಮೆರಿಕದ ರಾಬರ್ಟ್ ವಾಡ್ಲೋ. 1940ರಲ್ಲಿ ತೀರಿಕೊಂಡಾಗ ಅವರ ನಿಲುವು 2.72 ಮೀಟರ್. ಅವರಿಗೂ ಟಾಲೆಸ್ಟ್ ಅಂತಲೇ, ಹೈಯೆಸ್ಟ್ ಅಂತಲ್ಲ.

ಹುದ್ದೆಯ ವಿಷಯ ಬಂದರೆ ಮಾತ್ರ ಹೈ ಬರುತ್ತದೆ. ‘ಎ ಹೈ ಅಫಿಶಿಯಲ್’ ಅಂದರೆ ದೊಡ್ಡ ಹುದ್ದೆಯ ಅಧಿಕಾರಿ. ಅವರ ನಿಲುವು ಎಷ್ಟೇ ಇರಲಿ. ಅಲ್ಲಿ ಅಳೆಯುತ್ತಿರುವುದು ಏಣಿಯ ಮೆಟ್ಟಿಲನ್ನು.

ಗಡಿಯ ಮೇಲಿನ ವಸ್ತುಗಳು

ಎಲ್ಲವೂ ಹೀಗೆ ಸಲೀಸಾಗಿ ಬೇರೆಯಾಗುವುದಿಲ್ಲ. ಕೆಲವು ವಸ್ತುಗಳಿಗೆ ಎರಡೂ ನಡೆಯುತ್ತವೆ.

ಕಟ್ಟಡಕ್ಕೆ ಟಾಲ್ ಹೆಚ್ಚು ಬಳಕೆಯಲ್ಲಿದೆ, ಹೈ ಅಂದರೂ ಜನ ಒಪ್ಪುತ್ತಾರೆ. ಹತ್ತಾರು ಅಂತಸ್ತಿನ ಕಟ್ಟಡಕ್ಕೆ ಹೈರೈಸ್ ಅನ್ನುವ ಹೆಸರೇ ಇದೆ. ಇಲ್ಲಿ ಒಂದು ವಿಚಿತ್ರ: ಟಾಲ್ ಬಿಲ್ಡಿಂಗ್‌ಗೆ ಎದುರಾಗಿ ‘ಲೋ ಬಿಲ್ಡಿಂಗ್’ ಅನ್ನುವುದು ಸಾಮಾನ್ಯ. ನಮ್ಮ ಮೊದಲ ಹೆಜ್ಜೆಯ ಪರೀಕ್ಷೆ ಇಲ್ಲಿ ಸ್ವಲ್ಪ ಜಾರುತ್ತದೆ. ಕಟ್ಟಡ ಉದ್ದಕ್ಕೂ ನಿಲ್ಲಬಹುದು, ಅಗಲಕ್ಕೂ ಹರಡಬಹುದು. ಅಗಲಕ್ಕೆ ಹರಡಿದ್ದಕ್ಕೆ ಲೋ ಹೊಂದುತ್ತದೆ.

ಗೋಡೆ, ಬೇಲಿಗೆ ಹೈ ಚೆನ್ನಾಗಿ ಕೂರುತ್ತದೆ. ಟಾಲ್ ಫೆನ್ಸ್ ಅನ್ನುವವರೂ ಇದ್ದಾರೆ, ತಿದ್ದಲು ಹೋಗಬೇಡಿ. ಪರ್ವತಕ್ಕೆ ಹೈ ಸುರಕ್ಷಿತ. ಹುಲ್ಲಿಗೆ, ಅಲೆಗೆ ಎರಡೂ ಸರಿ. ನನ್ನ ಕಿವಿಗೆ ‘ಟಾಲ್ ಗ್ರಾಸ್’ ಇನ್ನೂ ಚೆಂದ ಕೇಳಿಸುತ್ತದೆ, ಒಂದೊಂದು ಗರಿಯೂ ನಿಂತಿರುವುದು ಕಂಡ ಹಾಗಾಗುತ್ತದೆ. ಮೊಣಕಾಲೆತ್ತರ, ಸೊಂಟದೆತ್ತರ ಅನ್ನುವಾಗ ಮಾತ್ರ ಹೈ ಬರಬೇಕು: ‘ನೀ-ಹೈ’, ‘ವೇಸ್ಟ್-ಹೈ’. ಅಲ್ಲಿ ಮೈಮೇಲೆ ಒಂದು ಮಟ್ಟ ಗುರುತಿಸುತ್ತಿದ್ದೇವೆ.

ಅಂಕಿ ಜೊತೆ ಬಂದಾಗ ವಸ್ತುಗಳಿಗೆ ಇನ್ನೂ ಸಡಿಲ. 300 ಮೀಟರ್ ಗೋಪುರಕ್ಕೆ ‘300 ಮೀಟರ್ಸ್ ಟಾಲ್’ ಅನ್ನಿ, ‘300 ಮೀಟರ್ಸ್ ಹೈ’ ಅನ್ನಿ, ಎರಡೂ ಸರಿ. ಮನುಷ್ಯರಿಗೆ ಈ ರಿಯಾಯಿತಿ ಇಲ್ಲ.

ಬಾಲಗೋಂಚಿ: ಹೈಲಿ, ಹೈನೆಸ್, ಹೈಟ್

ಎರಡೂ ಪದಕ್ಕೆ ಅಳತೆಯ ಹೆಸರು ಒಂದೇ, ಹೈಟ್. ‘ಹೈನೆಸ್’ ಅಂತ ಕಟ್ಟಲು ಹೋಗಬೇಡಿ, ಅದು ರಾಜ ಮನೆತನದವರನ್ನು ಕರೆಯುವ ಗೌರವದ ಮಾತು. ‘ಟಾಲ್‌ನೆಸ್’ ನಿಘಂಟಿನಲ್ಲಿ ಇದೆ, ಬಾಯಲ್ಲಿ ಅಪರೂಪ.

ಹೈ ಕ್ರಿಯಾವಿಶೇಷಣವಾಗಿಯೂ ನಿಲ್ಲುತ್ತದೆ. ‘ದಿ ಬರ್ಡ್ ಫ್ಲೈಸ್ ಹೈ’, ‘ಜಂಪ್ ಹೈ’. ಇಲ್ಲಿ ಹೈಲಿ ಅನ್ನುವಂತಿಲ್ಲ. ಹೈಲಿಗೆ ಎತ್ತರದ ಸಂಬಂಧ ಕಳಚಿ ಹೋಗಿದೆ, ‘ತುಂಬಾ’ ಅನ್ನುವುದಷ್ಟೇ ಉಳಿದಿದೆ. ‘ಹೈಲಿ ಯೂಸ್‌ಫುಲ್’ ಅಂದರೆ ತುಂಬಾ ಉಪಯೋಗದ್ದು. ಯಾರ ಬಗ್ಗೆಯಾದರೂ ‘ಸ್ಪೀಕ್ ಹೈಲಿ’ ಅಂದರೆ ಬಾಯ್ತುಂಬ ಹೊಗಳುವುದು. ಟಾಲ್ ಹೀಗೆ ಕ್ರಿಯಾಪದದ ಬೆನ್ನಿಗೆ ಹೋಗುವುದು ‘ಸ್ಟ್ಯಾಂಡ್ ಟಾಲ್’, ‘ವಾಕ್ ಟಾಲ್’ ಅನ್ನುವಂಥ ಒಂದೆರಡು ಕಡೆ ಮಾತ್ರ. ತಲೆ ಎತ್ತಿ ನಿಲ್ಲು, ತಲೆ ಎತ್ತಿ ನಡೆ ಅಂತ ಅದರ ಅರ್ಥ.

ಹೋಲಿಸುವಾಗ ‘ಮೋರ್ ಟಾಲ್’ ಬೇಡ. ಟಾಲರ್, ಟಾಲೆಸ್ಟ್, ಹೈಯರ್, ಹೈಯೆಸ್ಟ್.

ಟಾಲ್ ಅಳತೆ ಬಿಟ್ಟು ಹೊರಗೆ ಬರುವ ಮೂರು ಮಾತುಗಳನ್ನು ಹಾಗೇ ನೆನಪಿಟ್ಟುಕೊಳ್ಳಿ. ‘ಟಾಲ್ ಟೇಲ್’ ಅಂದರೆ ನಂಬಲಾಗದಷ್ಟು ಉಪ್ಪು ಖಾರ ಹಚ್ಚಿದ ಕಥೆ. ‘ಟಾಲ್ ಕ್ಲೇಮ್’ ಅಂದರೆ ಆಧಾರವಿಲ್ಲದೆ ಕೊಚ್ಚಿಕೊಳ್ಳುವುದು. ‘ಟಾಲ್ ಆರ್ಡರ್’ ಅಂದರೆ ಮಾಡಿ ಮುಗಿಸಲು ಬಹಳ ಕಷ್ಟದ ಕೆಲಸ. ಮೂರರಲ್ಲೂ ಅಳತೆ ಮೀರಿದ್ದು ಅನ್ನುವ ಭಾವ ಇದೆ. ಹೈ ಕಡೆಯಿಂದ ಒಂದು ಸಾಕು: ‘ಇಟ್ಸ್ ಹೈ ಟೈಮ್’. ಈಗಾಗಲೇ ತಡವಾಯಿತು, ಇನ್ನಾದರೂ ಮಾಡಬೇಕು ಅನ್ನುವಾಗ ಬರುತ್ತದೆ. ಇದರ ಮುಂದೆ ಕ್ರಿಯಾಪದ ಭೂತಕಾಲದಲ್ಲಿ ಇರಬೇಕು. ‘ಇಟ್ಸ್ ಹೈ ಟೈಮ್ ವಿ ಲೆಫ್ಟ್’ ಅಂದರೆ ನಾವು ಹೊರಡಬೇಕಾದ ಹೊತ್ತು ಮೀರಿತು.

ಈಗ ಕೈಯಾರೆ ಮಾಡಿ ನೋಡಿ

ಒಂದು ಹಾಳೆ ತೆಗೆದುಕೊಳ್ಳಿ. ಕೂತ ಜಾಗದಿಂದ ಕಾಣುವ ಎತ್ತರದ ವಸ್ತುಗಳನ್ನು ಕನ್ನಡದಲ್ಲೇ ಬರೆಯಿರಿ. ಪ್ರತಿಯೊಂದಕ್ಕೂ ಎದುರು ಪದ ಹಾಕಿ, ಗಿಡ್ಡವೋ ತಗ್ಗೋ. ಆಮೇಲೆ ಟೇಪಿನ ತುದಿ ಎಲ್ಲಿಡುತ್ತೀರಿ ಅಂತ ಕೇಳಿಕೊಳ್ಳಿ. ಇಂಗ್ಲಿಷ್ ಪದ ಬರೆಯುವುದು ಕೊನೆಗೆ. ಸುಮ್ನೆ ಐದು ನಿಮಿಷದ ಕೆಲಸ, ಆದರೆ ಒಂದು ವಾರ ಮಾಡಿದರೆ ಯೋಚಿಸದೆಯೇ ಸರಿ ಪದ ಬರಲು ಶುರುವಾಗುತ್ತದೆ.

ಶುರು ಮಾಡಲು ನಾಲ್ಕು ಕೊಡುತ್ತೇನೆ. ನಲ್ಲಿ ಗೋಡೆಯಲ್ಲಿ ತೀರಾ ಮೇಲಿದೆ, ಮಗುವಿಗೆ ಎಟುಕುವುದಿಲ್ಲ. ಇದು ಹೈ, ಅಳೆಯುವುದು ನೆಲದಿಂದ ನಲ್ಲಿಗೆ. ಹೂದಾನಿ ಸಪೂರವಾಗಿ ನಿಂತಿದೆ. ಇದು ಟಾಲ್, ಎದುರು ಪದ ಗಿಡ್ಡ. ಅದೇ ಹೂದಾನಿಯನ್ನು ಬೀರುವಿನ ತಲೆಯ ಮೇಲೆ ಇಟ್ಟರೆ? ಹೂದಾನಿ ಈಗಲೂ ಟಾಲ್, ಅದು ಇರುವ ಜಾಗ ಹೈ. ಹೊಳೆ ದಡ ಮೀರುವ ಹಾಗಿದೆ. ನೀರು ಏರಿದೆ, ಹಾಗಾಗಿ ಹೈ.

ಆ ಹುಡುಗಿ ಆಮೇಲೆ ಮಾತಾಡಿದಳು. ಕಿಟಕಿಯ ಕಥೆಯನ್ನು ತರಗತಿಯಲ್ಲಿ ಹೇಳಿದ ದಿನ, ಹೈ ವಿಂಡೋ ಯಾವುದು, ಟಾಲ್ ವಿಂಡೋ ಯಾವುದು ಅಂತ ಬೋರ್ಡಿನ ಮೇಲೆ ಎರಡು ಚಿತ್ರ ಬರೆದು ಎಲ್ಲರಿಗೂ ತೋರಿಸಿದ್ದು ಅವಳೇ. ಗೆಳತಿಯ ಓದುವ ಕೋಣೆಯಲ್ಲಿ ಈಗ ಎರಡೂ ಇವೆ. ಗೋಡೆ ಒಡೆಸಿ ಉದ್ದನೆಯ ಕಿಟಕಿ ಇಡಿಸಿದಳು. ಸೂರಿನ ಕೆಳಗಿನ ಆ ಕಿಂಡಿಯನ್ನು ಮುಚ್ಚಿಸಲಿಲ್ಲ. ಕೋಣೆಯ ಬಿಸಿ ಗಾಳಿ ಅಲ್ಲಿಂದಲೇ ಹೊರಗೆ ಹೋಗುತ್ತದೆಯಂತೆ.